ಪ್ರತಿಕ್ರಿಯೆ: ಸ್ಟೆಂಟ್ ಹಾಕಿದ ಅಜ್ಜನಿಗೆ ನೀರೂ ಇಳಿಯುತ್ತಿಲ್ಲ
ಅನ್ನನಾಳದ ಗಡ್ಡೆಗೆ ಸ್ಟೆಂಟ್ (ದಾರಿ ತೆರೆದಿಡುವ ಕೊಳವೆ) ಹಾಕಿಸಿಕೊಂಡ ತೀರ್ಥಹಳ್ಳಿಯ ನಿಮ್ಮ ಅಜ್ಜನಿಗೆ ಬೆಳಿಗ್ಗೆ ಅಕ್ಕಿರೊಟ್ಟಿ ತಿಂದ ಮೇಲೆ ನೀರೂ, ನೋವಿನ ಮಾತ್ರೆಯೂ ಇಳಿಯುತ್ತಿಲ್ಲ ಅಂದಿರಿ. ಹಾಗಾಗಿ ಹೆಚ್ಚಿನಂಶ ಸ್ಟೆಂಟ್ ಒಳಗೆ ರೊಟ್ಟಿಯೇ ಸಿಕ್ಕಿಕೊಂಡಿದೆ. ನಮ್ಮ ದೊಡ್ಡಪ್ಪನಿಗೂ ಹೀಗೇ ಆಗಿತ್ತು. ಆದರೆ ಗಡ್ಡೆ ಬೆಳೆದು ಸ್ಟೆಂಟ್ ಮುಚ್ಚಿರಲೂಬಹುದು, ಸ್ಟೆಂಟ್ ಜಾರಿರಲೂಬಹುದು. ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವುದು) ಮಾಡದೆ ಖಚಿತವಾಗಿ ಹೇಳಲಾಗದು.

ತಿನ್ನಿಸುವುದನ್ನು ಈಗಲೇ ನಿಲ್ಲಿಸಿ. ರೊಟ್ಟಿ ಇಳಿಯಲಿ ಅಂತ ಬಾಳೆಹಣ್ಣು, ಅನ್ನದ ತುತ್ತು ಕೊಡಲೇಬೇಡಿ, ಇನ್ನಷ್ಟು ಬಿಗಿಯುತ್ತದೆ. ನೆಟ್ಟಗೆ ಕೂರಿಸಿ, ಬೆಚ್ಚಗಿನ ನೀರನ್ನೋ ಸೋಡಾವನ್ನೋ ಚಮಚದಲ್ಲಿ ಒಂದೊಂದೇ ಗುಟುಕು ಕೊಡಿ. ಶಕ್ತಿಯಿದ್ದರೆ ಕೈಹಿಡಿದು ಜಗುಲಿಯಲ್ಲಿ ನಾಲ್ಕು ಹೆಜ್ಜೆ ನಡೆಸಿ. ಕೆಮ್ಮು ಬಂದರೆ, ಕೊಟ್ಟ ಗುಟುಕು ವಾಪಸ್ ಬಂದರೆ, ಅಥವಾ ಎಂಜಲೂ ಇಳಿಯದೆ ಬಾಯಿಂದ ಸುರಿಯುತ್ತಿದ್ದರೆ ಗುಟುಕೂ ಬೇಡ, ಶ್ವಾಸಕೋಶಕ್ಕೆ ಹೋಗುತ್ತದೆ.

ಒಂದೆರಡು ಗಂಟೆಯಲ್ಲಿ ಸಿಕ್ಕಿಕೊಂಡದ್ದು ಬಿಡದಿದ್ದರೆ ಇವತ್ತೇ ಆಸ್ಪತ್ರೆಗೆ ಹೊರಡಿ. ಎದೆನೋವು, ಜ್ವರ, ಉಸಿರಾಟದ ತೊಂದರೆ, ರಕ್ತವಾಂತಿ, ಕಪ್ಪು ಮಲ ಇದ್ದರೆ ಕಾಯದೆ 108ಕ್ಕೆ ಕರೆ ಮಾಡಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರ್ ಹತ್ತಿರ, ಈ ಮಳೆಯಲ್ಲಿ ಕತ್ತಲಾಗುವ ಮೊದಲೇ ಹೊರಡುವುದು ಒಳ್ಳೆಯದು. ಅಲ್ಲಿನ ಸರ್ಕಾರಿ ಮೆಗ್ಗಾನ್ ಆಸ್ಪತ್ರೆ ಆಗಲಿ, ಖಾಸಗಿ ಆಗಲಿ, ಇವತ್ತು ಎಂಡೋಸ್ಕೋಪಿ ಮಾಡುವವರು ಇದ್ದಾರಾ ಅಂತ ಫೋನಲ್ಲಿ ಕೇಳಿಯೇ ಹೋಗಿ. ಸ್ಟೆಂಟ್ ಹಾಕಿದ ಚೀಟಿ, ಈಗಿನ ಔಷಧಿಗಳು ಜೊತೆಗಿರಲಿ.

ನೋವಿನ ಮಾತ್ರೆ ನುಂಗಲಾಗುತ್ತಿಲ್ಲ ಅನ್ನುವುದನ್ನು ಡಾಕ್ಟರಿಗೆ ಮರೆಯದೆ ಹೇಳಿ. ಗುಣವಾಗದ ಕಾಯಿಲೆ ಅಂದ ಮಾತ್ರಕ್ಕೆ ಅವರು ನೋವು ತಿನ್ನಬೇಕಿಲ್ಲ; ಚುಚ್ಚುಮದ್ದು, ಚರ್ಮಕ್ಕೆ ಅಂಟಿಸುವ ಪಟ್ಟಿ ಇವೆ.

ಸಿಕ್ಕಿಕೊಂಡದ್ದು ಬಿಟ್ಟುಕೊಂಡ ಮೇಲೆ ಸೋಸಿದ ಗಂಜಿ, ತೆಳು ರಾಗಿ ಅಂಬಲಿಯಿಂದ ಶುರುಮಾಡಿ. ರೊಟ್ಟಿ, ಕಡುಬು, ಬ್ರೆಡ್ಡು, ಹಲಸಿನ ತೊಳೆ ಇನ್ನು ಬೇಡ. ಊಟದ ನಡುವೆ, ಊಟವಾದ ಮೇಲೆ ನೀರು ಕುಡಿಸಿ, ಅರ್ಧ ಗಂಟೆಯಾದರೂ ಕೂತಿರಲಿ.