ಸಂಪಾದಕರ ಉತ್ತರ: ಎರಡು ಪದ ಸಾಲದು

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: ‘ಕಳೆದ ಸಂಚಿಕೆಯ ಜಾಝ್ ಲೇಖನದಲ್ಲಿ ಗಂಡಸರಿಗೆಲ್ಲ ಧಾರಾಳವಾಗಿ ಜಾಗ ಕೊಟ್ಟು, ಮೆಲ್ಬಾ ಲಿಸ್ಟನ್ ಅವರನ್ನು “ಟ್ರಾಂಬೋನ್ ವಾದಕಿ” ಎಂಬ ಎರಡು ಪದಗಳಲ್ಲಿ ಮುಗಿಸಿದ್ದೀರಿ. ಆಕೆ ನಿಜಕ್ಕೂ ದೊಡ್ಡ ಕಲಾವಿದೆಯೋ, ಪಟ್ಟಿಯಲ್ಲಿ ಒಬ್ಬ ಹೆಂಗಸಿರಲಿ ಎಂದು ಸೇರಿಸಿದ ಹೆಸರೋ?’

ಮಾನ್ಯರೇ,

ಚುಚ್ಚಬೇಕಾದ ಜಾಗಕ್ಕೇ ಚುಚ್ಚಿದ್ದೀರಿ. ಪುಟ ಸಾಲದೆ ಆ ಲೇಖನಕ್ಕೆ ಕತ್ತರಿ ಹಾಕಿದವನು ನಾನೇ. ಮೊದಲು ಉದುರಿದ್ದು ಆಕೆಯ ಪ್ಯಾರಾ. ಆ ಸಾಲವನ್ನು ಬಡ್ಡಿ ಸಮೇತ ತೀರಿಸುತ್ತೇನೆ.

ಮೆಲ್ಬಾ ಹುಟ್ಟಿದ್ದು 1926ರಲ್ಲಿ, ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ. ಏಳನೆಯ ವಯಸ್ಸಿಗೆ ಟ್ರಾಂಬೋನ್ ಕಂಡು ಅದೇ ಬೇಕೆಂದಳು ಹುಡುಗಿ. ಮೈಸೂರು ದಸರೆಯ ಪೊಲೀಸ್ ಬ್ಯಾಂಡಿನಲ್ಲಿ ಉದ್ದನೆಯ ಹಿತ್ತಾಳೆ ಕೊಳವೆಯನ್ನು ಹಿಂದಕ್ಕೂ ಮುಂದಕ್ಕೂ ಜಾರಿಸುವವರನ್ನು ನೀವು ನೋಡಿರಬಹುದು. ಅದೇ ಈ ವಾದ್ಯ. ಕೊಳವೆಗೆ ಏಳು ಸ್ಥಾನಗಳಿವೆ, ಆದರೆ ಹಾರ್ಮೋನಿಯಂನಂತೆ ಮನೆಗಳಾಗಲಿ ಗುರುತುಗಳಾಗಲಿ ಇಲ್ಲ. ಕೈ ಎಲ್ಲಿ ನಿಲ್ಲಬೇಕೆಂದು ಕಿವಿಯೇ ಹೇಳಬೇಕು. ಕೊನೆಯ ಸ್ಥಾನಕ್ಕೆ ದೊಡ್ಡವರೂ ತೋಳನ್ನು ಪೂರ್ತಿ ಚಾಚಬೇಕಾಗುತ್ತದೆ. ಮೆಲ್ಬಾಳ ಪುಟ್ಟ ತೋಳು ಅಲ್ಲಿಯವರೆಗೆ ಎಟುಕುತ್ತಿರಲಿಲ್ಲ. ಅದಕ್ಕೆ ಆಕೆ ತಲೆಯನ್ನೇ ಒಂದು ಪಕ್ಕಕ್ಕೆ ವಾಲಿಸಿ, ಉಳಿದ ಅಂತರವನ್ನು ಅಲ್ಲಿಂದ ಸಂಪಾದಿಸುತ್ತಿದ್ದಳು. ಆಕೆಯ ಬದುಕಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಚಿತ್ರ ಇದು.

1937ರಲ್ಲಿ ಮನೆ ಲಾಸ್ ಏಂಜಲೀಸ್‌ಗೆ ಬಂತು. ಹದಿನಾರರಲ್ಲಿ ಅಲ್ಲಿನ ಲಿಂಕನ್ ಥಿಯೇಟರಿನ ವಾದ್ಯವೃಂದದಲ್ಲಿ ಕೆಲಸ, ಮರುವರ್ಷ ಜೆರಾಲ್ಡ್ ವಿಲ್ಸನ್ ಅವರ ದೊಡ್ಡ ಬ್ಯಾಂಡ್. ಅದು ಒಡೆದ ಮೇಲೆ ಹೆಸರಾಂತ ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ ತಮ್ಮ ತಂಡಕ್ಕೆ ಕರೆದರು. 1949ರಲ್ಲಿ ಗಾಯಕಿ ಬಿಲ್ಲಿ ಹಾಲಿಡೇ ಜೊತೆ ಅಮೆರಿಕದ ದಕ್ಷಿಣದ ರಾಜ್ಯಗಳಿಗೆ ಹೋದ ಪ್ರವಾಸ ಮಾತ್ರ ನೆಲಕಚ್ಚಿತು. ಕೇಳುವವರಿಲ್ಲ, ಕೈಯಲ್ಲಿ ಕಾಸಿಲ್ಲ. ಬೇಸತ್ತ ಮೆಲ್ಬಾ ಊರಿಗೆ ಮರಳಿ ಶಿಕ್ಷಣ ಮಂಡಳಿಯಲ್ಲಿ ಗುಮಾಸ್ತೆಯಾದರು. ನಡುನಡುವೆ ಹಾಲಿವುಡ್‌ನಲ್ಲಿ ಚಿಕ್ಕಪುಟ್ಟ ಪಾತ್ರಗಳೂ ಸಿಕ್ಕವು. ‘ದಿ ಪ್ರಾಡಿಗಲ್’ ಚಿತ್ರದಲ್ಲಿ ಅವರ ಕೈಗೆ ಕೊಟ್ಟದ್ದು ತಂತಿವಾದ್ಯ! ಟ್ರಾಂಬೋನ್ ಹಿಡಿದ ಹೆಂಗಸನ್ನು ಕಲ್ಪಿಸಿಕೊಳ್ಳುವುದು ಆ ಊರಿಗೂ ಕಷ್ಟವಾಗಿತ್ತೇನೋ.

ಬ್ಯಾಂಡಿನ ಗಂಡಸರೂ ಅದಕ್ಕಿಂತ ಮೇಲೇನಿರಲಿಲ್ಲ. ಗಿಲೆಸ್ಪಿ ತಂಡದ ತಾಲೀಮೊಂದನ್ನು ಮೆಲ್ಬಾ ನೆನಪಿಸಿಕೊಂಡಿದ್ದಾರೆ. ‘ಕ್ಯಾಲಿಫೋರ್ನಿಯಾದಿಂದ ಹೆಣ್ಣೊಬ್ಬಳನ್ನು ಕರೆಸುವ ಅಗತ್ಯವೇನಿತ್ತು’ ಎಂಬರ್ಥದ ಕೆಟ್ಟ ಮಾತು ಅವರ ಕಿವಿಗೆ ಬಿದ್ದಿತ್ತು. ಮೆಲ್ಬಾ ಬರೆದು ತಂದಿದ್ದ ಸ್ವರಲಿಪಿಯನ್ನು ಗಿಲೆಸ್ಪಿ ಎಲ್ಲರಿಗೂ ಹಂಚಿಸಿದರು. ಎರಡು ಆವರ್ತ ದಾಟುವಷ್ಟರಲ್ಲಿ ತಂಡ ಎಡವಿ ನಿಂತಿತು. ಗೊಣಗಿದವರು ಆಮೇಲೆ ಗೊಣಗಲಿಲ್ಲ. ಹಾಗೆಂದು ಬದುಕು ಹಸನಾಯಿತು ಎಂದುಕೊಳ್ಳಬೇಡಿ. ಗಂಡಸರ ಗುಂಡಿ ಹೊಲಿದುಕೊಡುವ, ಕೂದಲು ಕತ್ತರಿಸುವ ಕೆಲಸವೂ ಅವರ ಪಾಲಿಗೇ ಬರುತ್ತಿತ್ತು. ಪ್ರವಾಸದ ಬದುಕಿನಲ್ಲಿ ಅತ್ಯಾಚಾರವನ್ನೂ ಎದುರಿಸಬೇಕಾಯಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ.

1956ರಲ್ಲಿ ಅಮೆರಿಕ ಸರ್ಕಾರ ಗಿಲೆಸ್ಪಿ ತಂಡವನ್ನು ಸಂಗೀತದ ರಾಯಭಾರಿಯಾಗಿ ಹೊರದೇಶಗಳಿಗೆ ಕಳಿಸಿದಾಗ ಮೆಲ್ಬಾ ಅದರಲ್ಲಿದ್ದರು. ಕರಾಚಿ, ಢಾಕಾಗಳವರೆಗೆ ಬಂದ ತಂಡ ಭಾರತಕ್ಕೆ ಬರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೆಲ್ಬಾ ಒಳ್ಳೆಯ ವಾದಕಿ, ಅನುಮಾನ ಬೇಡ. 1958ರ ಡಿಸೆಂಬರ್‌ನಲ್ಲಿ ಟ್ರಾಂಬೋನ್‌ಗಳನ್ನೇ ಗುಂಪುಕಟ್ಟಿ ಮುದ್ರಿಸಿದ ‘ಮೆಲ್ಬಾ ಲಿಸ್ಟನ್ ಅಂಡ್ ಹರ್ ಬೋನ್ಸ್’ ಕೇಳಿದರೆ ಗೊತ್ತಾಗುತ್ತದೆ. ಆದರೆ ತಮ್ಮ ಹೆಸರಿನಲ್ಲಿ ಅವರು ತಂದ ಆಲ್ಬಂ ಅದೊಂದೇ. ಅವರ ದೊಡ್ಡ ಕೆಲಸವೆಲ್ಲ ವಾದ್ಯಸಂಯೋಜನೆಯಲ್ಲಿದೆ. ಯಾವ ಸ್ವರವನ್ನು ಯಾವ ವಾದ್ಯ ಹಿಡಿಯಬೇಕು, ಯಾವುದು ಎಲ್ಲಿ ಸುಮ್ಮನಿರಬೇಕು ಎಂದು ಒಬ್ಬೊಬ್ಬ ವಾದಕನಿಗೂ ಬರೆದುಕೊಡುವ ಕೆಲಸವದು. ನಮ್ಮ ಚಿತ್ರಗೀತೆಗಳಲ್ಲೂ ಸಂಯೋಜಕರ ಹೆಸರು ಎಷ್ಟು ಜನಕ್ಕೆ ಗೊತ್ತಿದೆ ಹೇಳಿ?

ಪಿಯಾನೋ ವಾದಕ ರ‍್ಯಾಂಡಿ ವೆಸ್ಟನ್ ಜೊತೆಗಿನ ಅವರ ದುಡಿಮೆ ದಶಕಗಳದ್ದು. ರಾಗದ ಎಳೆ ವೆಸ್ಟನ್ನರದು, ಅದನ್ನು ದೊಡ್ಡ ತಂಡಕ್ಕೆ ಹರಡಿದ್ದು ಮೆಲ್ಬಾ. 1960ರಲ್ಲಿ ಮುದ್ರಿಸಿದ ‘ಉಹುರು ಆಫ್ರಿಕಾ’ ಇದಕ್ಕೆ ಸಾಕ್ಷಿ. ಆಫ್ರಿಕಾದ ದೇಶಗಳು ಒಂದೊಂದಾಗಿ ಸ್ವತಂತ್ರವಾಗುತ್ತಿದ್ದ ವರ್ಷವದು. ಉಹುರು ಎಂದರೆ ಸ್ವಾಹಿಲಿಯಲ್ಲಿ ಸ್ವಾತಂತ್ರ್ಯ. ಚರ್ಮವಾದ್ಯಗಳು ಮಾತಾಡುವಾಗ ಹಿತ್ತಾಳೆ ವಾದ್ಯಗಳು ಹೇಗೆ ಹಿಂದೆ ಸರಿದು ನಿಲ್ಲುತ್ತವೆ, ಗಮನಿಸಿ. ಆ ಮೌನವನ್ನೂ ಬರೆದವರು ಮೆಲ್ಬಾ.

1970ರ ದಶಕದಲ್ಲಿ ಜಮೈಕಾದಲ್ಲಿ ಪಾಠ ಹೇಳಿದರು. 1985ರಲ್ಲಿ ಪಾರ್ಶ್ವವಾಯು ಬಡಿದು ಟ್ರಾಂಬೋನ್ ಕೈಬಿಟ್ಟುಹೋಯಿತು. ಮೆಲ್ಬಾ ಕಂಪ್ಯೂಟರಿನಲ್ಲಿ ಸ್ವರಲಿಪಿ ಬರೆಯುವುದನ್ನು ಕಲಿತು ವೆಸ್ಟನ್‌ಗಾಗಿ ಮತ್ತೆ ಬರೆಯತೊಡಗಿದರು. 1999ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು.

ಕಳೆದ ಸಂಚಿಕೆಯನ್ನು ಎತ್ತಿಟ್ಟುಕೊಂಡಿರುವ ಓದುಗರು ‘ಟ್ರಾಂಬೋನ್ ವಾದಕಿ’ ಎಂದಿರುವಲ್ಲಿ ‘ವಾದ್ಯಸಂಯೋಜಕಿ, ಟ್ರಾಂಬೋನ್ ವಾದಕಿ’ ಎಂದು ಪೆನ್ನಿನಲ್ಲಿ ತಿದ್ದಿಕೊಳ್ಳಬೇಕೆಂದು ವಿನಂತಿ.

– ಸಂಪಾದಕ