ಮನೆಯಲ್ಲಿ ಮಾಡಿದ ಇಪಿಯ ಮಂಜು ಆಲ್ಬಮ್‌ನಲ್ಲೂ ಉಳಿಯಬೇಕೇ, ಅಥವಾ ಸ್ಟುಡಿಯೋದ ಸ್ವಚ್ಛ ನಾದಕ್ಕೆ ಹೋಗಬೇಕೇ?

ಮಂಜಿನಲ್ಲಿ ತೇಲುವಂತೆ ಕೇಳಿಸುವ ಡ್ರೀಮ್ ಪಾಪ್ ಸಂಗೀತದ ತಂಡವೊಂದರಲ್ಲಿದ್ದೀರಿ, ಮನೆಯಲ್ಲಿ ಮಾಡಿದ ಇಪಿ (ಕೆಲವೇ ಹಾಡುಗಳ ಸಣ್ಣ ಆಲ್ಬಮ್) ಜನರಿಗೆ ಹಿಡಿಸಿದೆ, ಈಗ ಆಲ್ಬಮ್‌ಗಾಗಿ ಸ್ಟುಡಿಯೋ ಸಿಕ್ಕಿದೆ, ಎಲ್ಲವನ್ನೂ ಡ್ರೈ ಆಗಿ, ಅಂದರೆ ಯಾವ ಎಫೆಕ್ಟ್ ಇಲ್ಲದೆ ರೆಕಾರ್ಡ್ ಮಾಡಿಕೊಂಡು ರಿವರ್ಬ್ (ದೊಡ್ಡ ಕೋಣೆಯಲ್ಲಿರುವಂತೆ ಸದ್ದು ಮೊಳಗಿ ನಿಧಾನಕ್ಕೆ ಕರಗುವುದು) ಎಷ್ಟು ಬೇಕೆಂದು ಆಮೇಲೆ ನೋಡೋಣವೆಂದು ಎಂಜಿನಿಯರ್ ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಒಂಬತ್ತು ವರ್ಷಗಳ ಹಿಂದೆ ನಮ್ಮ ಮೂವರ ತಂಡ ನಿಂತಿದ್ದು ಇದೇ ಜಾಗದಲ್ಲಿ. ನಮ್ಮ ಆಲ್ಬಮ್ ಕೆಟ್ಟಿತು. ಸ್ಟುಡಿಯೋಗೆ ಹೋದದ್ದರಿಂದಲೇ ಕೆಟ್ಟಿತೆಂದು ನಾನು ಬಹಳ ಕಾಲ ನಂಬಿದ್ದೆ, ಕಾರಣ ಅದಾಗಿರಲಿಲ್ಲ.

ನಮ್ಮ ಇಪಿಯ ನಾಲ್ಕು ಹಾಡುಗಳನ್ನು ಒಂದೇ ಕೋಣೆಯಲ್ಲಿ ಮಾಡಿದ್ದೆವು. ನನ್ನ ಗಿಟಾರ್ ಒಂದು ಡಿಲೇ ಪೆಡಲ್ (ನುಡಿಸಿದ ಸ್ವರವನ್ನು ಕೊಂಚ ತಡವಾಗಿ ಮತ್ತೆ ಕೇಳಿಸುವ ಸಾಧನ) ಮತ್ತು ಒಂದು ರಿವರ್ಬ್ ಪೆಡಲ್ ಹಾದು ಸಣ್ಣ ಆಂಪ್‌ಗೆ ಹೋಗುತ್ತಿತ್ತು, ಅದರ ಮುಂದೆ ಒಂದೇ ಮೈಕ್ ಇರುತ್ತಿತ್ತು, ಮೈಕ್‌ಗೆ ಕೇಳಿಸಿದ್ದೇ ಅಂತಿಮವಾಗಿತ್ತು. ಸ್ಟುಡಿಯೋದಲ್ಲಿ ನಮ್ಮ ಎಂಜಿನಿಯರ್ ಹೇಳಿದ್ದು ನಿಮ್ಮವರು ಹೇಳಿದ್ದನ್ನೇ: ಡ್ರೈ ಆಗಿ ಹಿಡಿದಿಟ್ಟರೆ ಮಿಕ್ಸಿಂಗ್‌ನಲ್ಲಿ, ಅಂದರೆ ಟ್ರ್ಯಾಕ್‌ಗಳನ್ನು ಕೊನೆಗೆ ಬೆರೆಸುವಾಗ, ಏನು ಬೇಕಾದರೂ ಮಾಡಬಹುದು. ಬಹುಪಾಲು ಸಂಗೀತಕ್ಕೆ ಒಳ್ಳೆಯದೇ ಆದ ಆ ಮಾತಿಗೆ ಒಪ್ಪಿ ಪೆಡಲ್‌ಗಳನ್ನು ಕಳಚಿಟ್ಟವನು ನಾನೇ.

ಆ ಒಂದು ಒಪ್ಪಿಗೆಯಿಂದ ಏನಾಯಿತೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಆಲ್ಬಮ್‌ನ ಮೊದಲ ಹಾಡಿನ ವೇಗ ನಿಮಿಷಕ್ಕೆ 96 ಬೀಟ್. ಅಂದರೆ ಒಂದು ಬೀಟ್‌ಗೆ 625 ಮಿಲಿಸೆಕೆಂಡ್. ನನ್ನ ಡಿಲೇಯನ್ನು ಅದರ ಮುಕ್ಕಾಲು ಭಾಗಕ್ಕೆ, ಸುಮಾರು 469 ಮಿಲಿಸೆಕೆಂಡ್‌ಗೆ ಹೊಂದಿಸಿಕೊಂಡಿದ್ದೆ. ಕೋಣೆಯಲ್ಲಿ ಅಭ್ಯಾಸ ಮಾಡುವಾಗ ನಾನು ಒಂದು ತಂತಿಯನ್ನು ಮೀಟಿ ಸುಮ್ಮನಿರುತ್ತಿದ್ದೆ, ಪೆಡಲ್ ಆ ಸ್ವರವನ್ನು ಬೀಟ್‌ಗಳ ನಡುವಿನ ಸಂದಿಗೆ ತಂದಿಡುತ್ತಿತ್ತು, ಅದನ್ನು ಕೇಳಿಸಿಕೊಂಡ ಮೇಲಷ್ಟೇ ಮುಂದಿನ ಮೀಟು ಬರುತ್ತಿತ್ತು. ಪೆಡಲ್ ಇಲ್ಲದ ಹೆಡ್‌ಫೋನ್‌ನಲ್ಲಿ ಆ ಜಾಗ ಬರಿದಾಗಿ ಕೇಳಿಸಿತು. ಬರಿದಾದ ಜಾಗವನ್ನು ಕಂಡರೆ ಕೈಗೆ ತಡೆಯುವುದಿಲ್ಲ. ನನಗೆ ಗೊತ್ತಿಲ್ಲದೆಯೇ ನಾನು ಆ ಸಂದಿಗಳನ್ನೆಲ್ಲ ಮೀಟಿ ತುಂಬಿಸಿದೆ.

ಸ್ವರಗಳ ಆಯ್ಕೆಯೂ ಬದಲಾಯಿತು. ಆ ವೇಗದಲ್ಲಿ ನಾಲ್ಕು ಬೀಟ್‌ಗಳ ಒಂದು ಬಾರ್ ಎರಡೂವರೆ ಸೆಕೆಂಡ್ ಇರುತ್ತದೆ, ನಮ್ಮ ರಿವರ್ಬ್‌ನ ಬಾಲ, ಅಂದರೆ ಸದ್ದು ಕರಗುವವರೆಗಿನ ಮೊಳಗು, ನಾಲ್ಕು ಸೆಕೆಂಡ್. ಆದ್ದರಿಂದ ಬಾರ್‌ಗೊಂದರಂತೆ ಬರುವ ಪ್ರತಿಯೊಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮುಂದಿನ ಕಾರ್ಡ್‌ನ ಅರ್ಧ ದಾಟುವವರೆಗೂ ಅದರ ಮೇಲೆಯೇ ಮೊಳಗುತ್ತಿರುತ್ತದೆ. ಅಭ್ಯಾಸದಲ್ಲಿ ಅದು ಕಿವಿಗೆ ಬೀಳುತ್ತಿದ್ದುದರಿಂದ ಇ ಮೈನರ್‌ನಿಂದ ಡಿ ಮೇಜರ್‌ಗೆ ಹೋಗುವಾಗ ಮೇಲಿನ ಎರಡು ತಂತಿಗಳನ್ನು ಒತ್ತದೆ ತೆರೆದೇ ಬಿಡುತ್ತಿದ್ದೆ, ಎರಡು ಕಾರ್ಡ್‌ಗಳಲ್ಲೂ ಅವೇ ಸ್ವರಗಳು ನಿಲ್ಲುತ್ತಿದ್ದವು. ಸ್ಟುಡಿಯೋದಲ್ಲಿ ಬಾಲವೇ ಕೇಳಿಸದ ಕಾರಣ ಪೂರ್ತಿ ಕಾರ್ಡ್‌ಗಳನ್ನೇ ಹಿಡಿದೆ. ಮೂರು ವಾರಗಳ ನಂತರ ರಿವರ್ಬ್ ಸೇರಿಸಿದಾಗ ಹಿಂದಿನ ಕಾರ್ಡ್‌ನ ಜಿ ಸ್ವರಕ್ಕೆ ಹೊಸ ಕಾರ್ಡ್‌ನ ಎಫ್ ಶಾರ್ಪ್ ಉಜ್ಜತೊಡಗಿತು, ಕೆಳಗಿನ ಸ್ವರಗಳೆಲ್ಲ ಕೆಸರಾದವು. ರಿವರ್ಬ್ ತಗ್ಗಿಸಿದರೆ ಸಾಧಾರಣ ಗಿಟಾರ್ ಪಾಪ್, ಏರಿಸಿದರೆ ಕಲಸುಮೇಲೋಗರ. ಗಾಯಕಿಗೂ ಆದದ್ದು ಇದೇ: ಇಪಿಯಲ್ಲಿ ರಿವರ್ಬ್‌ಗೆ ಒರಗಿಕೊಂಡು ಉಸಿರಿನಷ್ಟೇ ಮೆಲ್ಲಗೆ ಹಾಡಿದ್ದವಳು, ತನ್ನ ಒಣ ಧ್ವನಿಯನ್ನು ಹೆಡ್‌ಫೋನ್‌ನಲ್ಲಿ ಕೇಳುತ್ತಾ ಗಟ್ಟಿಯಾಗಿ, ವ್ಯಂಜನಗಳನ್ನು ಒತ್ತಿ ಒತ್ತಿ ಹಾಡಿದಳು. ಏಳು ತಿಂಗಳು ಮಿಕ್ಸಿಂಗ್ ಮಾಡಿದೆವು. ಆಲ್ಬಮ್ ಹೊರಬಂದ ವರ್ಷವೇ ತಂಡ ಮುಗಿಯಿತು.

ಡ್ರೀಮ್ ಪಾಪ್‌ನಲ್ಲಿ ರಿವರ್ಬ್ ಇರುವುದು ತಪ್ಪು ಮುಚ್ಚಿಕೊಳ್ಳುವುದಕ್ಕೆ ಎಂದು ಯಾರಾದರೂ ಹೇಳಿದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಅದು ಮೇಲೆ ಬಳಿಯುವ ಬಣ್ಣವಲ್ಲ, ನಾವು ಜೊತೆಗೂಡಿ ನುಡಿಸುವ ಇನ್ನೊಂದು ವಾದ್ಯ.

ಆದ್ದರಿಂದ ಮನೆಯೋ ಸ್ಟುಡಿಯೋ, ಮಂಜೋ ಸ್ವಚ್ಛತೆಯೋ ಎಂದು ನೀವು ಇಟ್ಟಿರುವ ಆಯ್ಕೆಯನ್ನೇ ನಾನು ಒಪ್ಪುವುದಿಲ್ಲ. ಬೀಚ್ ಹೌಸ್ ತಂಡದ 2006ರ ಮೊದಲ ಆಲ್ಬಮ್ ನಾಲ್ಕು ಟ್ರ್ಯಾಕ್‌ಗಳ ಯಂತ್ರದಲ್ಲಿ ಎರಡೇ ದಿನಗಳಲ್ಲಿ ಆಯಿತು. 2010ರ ಮೂರನೆಯದು ಹಿಂದೊಮ್ಮೆ ಚರ್ಚ್ ಆಗಿದ್ದ ಸ್ಟುಡಿಯೋದಲ್ಲಿ ಆಯಿತು. ನಾದ ದೊಡ್ಡದಾಯಿತು, ಆರ್ಗನ್ ಮತ್ತು ಗಿಟಾರ್ ಒಂದಕ್ಕೊಂದು ಜಾಗ ಬಿಡುವ ರೀತಿ ಬದಲಾಗಲಿಲ್ಲ. ಕಾಕ್ಟೋ ಟ್ವಿನ್ಸ್ ತಂಡ 1990ರಲ್ಲಿ ತಮ್ಮದೇ ಸ್ಟುಡಿಯೋದಲ್ಲಿ ಮಾಡಿದ ಆಲ್ಬಮ್‌ನಲ್ಲಿ ಗಾಯಕಿ ಎಲಿಜಬೆತ್ ಫ್ರೇಜರ್ ಅವರ ಪದಗಳು ಹಿಂದೆಂದಿಗಿಂತ ಸ್ಪಷ್ಟವಾಗಿ ಕೇಳಿಸುತ್ತವೆ, ಮಂಜು ಮಾತ್ರ ಕರಗಿಲ್ಲ.

ನಾದ ಬೆಳೆಯಬೇಕೆಂಬ ನಿಮ್ಮ ಆಸೆ ಸರಿಯಾದದ್ದೇ. ಆದರೆ ಬೆಳವಣಿಗೆ ಬರುವುದು ಯಾವುದಾದರೊಂದು ಕಟ್ಟುಪಾಡು ಬದಲಾದಾಗ. ಅದೇ ಕಾಕ್ಟೋ ಟ್ವಿನ್ಸ್ 1986ರ ಆಲ್ಬಮ್ ಮಾಡುವಾಗ ಬಾಸ್ ಗಿಟಾರ್ ನುಡಿಸುತ್ತಿದ್ದ ಸೈಮನ್ ರೇಮಂಡ್ ಇನ್ನೊಂದು ಆಲ್ಬಮ್‌ನ ಕೆಲಸದಲ್ಲಿದ್ದುದರಿಂದ ಉಳಿದ ಇಬ್ಬರೇ ಅದನ್ನು ಮಾಡಿದರು. ಡ್ರಮ್‌ನ ಸದ್ದು ಬಹುತೇಕ ಇಲ್ಲದ, ತೇಲುವಂತಹ ಆ ನಾದ ಹುಟ್ಟಿದ್ದು ಹಾಗೆ. ಬೀಚ್ ಹೌಸ್ 2018ರಲ್ಲಿ, ವೇದಿಕೆಯ ಮೇಲೆ ನುಡಿಸಲು ಆಗುವಷ್ಟನ್ನೇ ಬರೆಯಬೇಕೆಂಬ ತಮ್ಮ ಹಳೆಯ ಮಿತಿಯನ್ನು ಕೈಬಿಟ್ಟಿತು. ನೀವೂ ಒಂದು ಹಾಡಿನಿಂದ ಡ್ರಮ್ ಮಷೀನ್ ತೆಗೆದು ನೋಡಿ, ಅಥವಾ ಗಿಟಾರ್ ನುಡಿಸುವವರಿಗೆ ಮೂರೇ ತಂತಿ ಕೊಟ್ಟು ನೋಡಿ.

ಸ್ಟುಡಿಯೋಗೆ ಖಂಡಿತ ಹೋಗಿ. ಗಿಟಾರ್‌ನ ಸಿಗ್ನಲ್ ಅನ್ನು ಎರಡಾಗಿ ಒಡೆದು, ಒಂದನ್ನು ಡ್ರೈ ಆಗಿಯೂ ಇನ್ನೊಂದನ್ನು ಪೆಡಲ್ ಮತ್ತು ಆಂಪ್ ಹಾದುಹೋಗಿಯೂ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಹಿಡಿಯಲು ಎಂಜಿನಿಯರ್ ಅವರಿಗೆ ಹೇಳಿ. ನುಡಿಸುವವರ ಹೆಡ್‌ಫೋನ್‌ನಲ್ಲಿ ಎರಡನೆಯದೇ ಕೇಳಿಸಬೇಕು, ಹಾಡುವವರ ಕಿವಿಗೂ ಅಂತಿಮ ಹಾಡಿನಲ್ಲಿ ಇರುವಷ್ಟೇ ಉದ್ದದ ರಿವರ್ಬ್ ಸಿಗಬೇಕು. ಡ್ರೈ ಟ್ರ್ಯಾಕ್ ಆಪತ್ತಿಗೆ ಇಟ್ಟುಕೊಂಡದ್ದು ಅಷ್ಟೇ. ಇದಕ್ಕೆ ಒಪ್ಪದ ಎಂಜಿನಿಯರ್ ಎಷ್ಟೇ ಅನುಭವಿಯಾಗಿದ್ದರೂ ನಿಮ್ಮ ಆಲ್ಬಮ್‌ಗೆ ಬೇಡ.

ಇನ್ನೊಂದು ಕೆಲಸವನ್ನು ಇಂದೇ ಮಾಡಿ. ಇಪಿಯಲ್ಲಿ ಬಳಸಿದ ಪೆಡಲ್‌ಗಳ ಒಂದೊಂದು ಗುಂಡಿಯೂ ಈಗ ಎಲ್ಲಿ ನಿಂತಿದೆಯೋ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಸ್ಟುಡಿಯೋದ ಮೊದಲ ದಿನ ಪೆಡಲ್‌ಗಳನ್ನು ಕಳಚಿ ಚೀಲಕ್ಕೆ ಹಾಕುವಾಗ ನಮ್ಮ ಗುಂಡಿಗಳೆಲ್ಲ ತಿರುಗಿಹೋದವು. ಆ ನಾಲ್ಕು ಹಾಡುಗಳಲ್ಲಿ ಎರಡರ ಡಿಲೇಯನ್ನು ಎಷ್ಟಕ್ಕೆ ಇಟ್ಟಿದ್ದೆನೆಂದು ನಾನು ಈಗಲೂ ಹೆಡ್‌ಫೋನ್ ಹಾಕಿಕೊಂಡು ಹುಡುಕುತ್ತಿದ್ದೇನೆ.