ಶಿರಸಿಯ ಚಳಿಗೆ ಡೌನ್ ರಜಾಯಿ: ಹೆಸರಲ್ಲ, ಚೀಟಿ ನೋಡಿ

ಶಿರಸಿಯಲ್ಲಿರುವ ಅಪ್ಪ-ಅಮ್ಮನಿಗೆ ಡೌನ್ ರಜಾಯಿ ಕೊಡಿಸಬೇಕು, ಬ್ರ್ಯಾಂಡಿಗೆ ದುಡ್ಡು ಸುರಿಯದೆ ಒಳ್ಳೆಯದನ್ನು ಆರಿಸುವುದು ಹೇಗೆ ಅಂತ ಕೇಳಿದ್ದೀರಿ. ಅದರ ಮೇಲಿನ ಚೀಟಿ ಓದಿದರೆ ಅರ್ಧ ಕೆಲಸ ಮುಗಿಯಿತು.

ಡೌನ್ ಅಂದರೆ ಬಾತುಕೋಳಿ ಅಥವಾ ಹೆಬ್ಬಾತಿನ ಗರಿಗಳಡಿ ಇರುವ ಮೆತ್ತನೆಯ ತುಪ್ಪಳ. ಕಡ್ಡಿ ಇರುವ ಗರಿ ಬೇರೆ, ಅದು ಅಗ್ಗ, ಭಾರ, ಚುಚ್ಚುತ್ತದೆ. ಡೌನ್ ಪಾಲು ನೂರಕ್ಕೆ 80 ದಾಟಿರಲಿ. ಆಮೇಲೆ ಫಿಲ್ ಪವರ್ ನೋಡಿ. ತುಪ್ಪಳ ಎಷ್ಟು ಉಬ್ಬುತ್ತದೆ ಅನ್ನುವ ಅಳತೆ ಅದು. 600-700 ಧಾರಾಳವಾಯಿತು. ಇಷ್ಟೇ ಫಿಲ್ ಪವರ್ ಇರುವ ಬಾತುಕೋಳಿಯದು ಸಿಕ್ಕರೆ ಹೆಬ್ಬಾತಿನದಕ್ಕೆ ಸುಮ್ನೆ ಜಾಸ್ತಿ ಕೊಡಬೇಡಿ. ಒಳಗೆ ಎಷ್ಟು ಗ್ರಾಂ ತುಂಬಿದ್ದಾರೆ ಅಂತಲೂ ಕೇಳಿ, ಬೆಚ್ಚಗಿರುವುದು ಎರಡೂ ಸೇರಿದಾಗ. ಶಿರಸಿಯ ಚಳಿ ಹಿಮ ಬೀಳುವ ಊರಿನದಲ್ಲವಲ್ಲ, ಹಗುರದ್ದೇ ಸಾಕು.

ಬಟ್ಟೆ ಒತ್ತಾಗಿ ನೇಯ್ದ ಹತ್ತಿಯದಿರಲಿ. ಹೊಲಿಗೆಯ ಹತ್ತಿರ ಹಿಸುಕಿ, ತುಪ್ಪಳ ಹೊರಗೆ ಇಣುಕಿದರೆ ಬಿಟ್ಟುಬಿಡಿ. ಮೂಸಿಯೂ ನೋಡಿ. ಕಮಟು ವಾಸನೆ ಬಂದರೆ ಸರಿಯಾಗಿ ತೊಳೆದಿಲ್ಲ ಅಂತಲೇ.

ನನಗೆ ಹೆಚ್ಚು ಚಿಂತೆ ನಮ್ಮ ಮಳೆಗಾಲದ್ದು. ತೇವ ಹಿಡಿದರೆ ಡೌನ್ ಮುದ್ದೆಯಾಗುತ್ತದೆ, ಬೂಸ್ಟು ಬರುತ್ತದೆ. ಮೇ ತಿಂಗಳಲ್ಲೇ ಚೆನ್ನಾಗಿ ಒಣಗಿಸಿ, ಹತ್ತಿ ಚೀಲದಲ್ಲಿ ಸಡಿಲವಾಗಿ ಇಡಲು ಹೇಳಿ. ಪ್ಲಾಸ್ಟಿಕ್ ಚೀಲ ಖಂಡಿತ ಬೇಡ. ನೀವು ಕಾರವಾರ, ಕುಮಟಾ ಅಂದಿದ್ದರೆ ಡೌನ್ ತಗೊಳ್ಳಲೇಬೇಡಿ ಅನ್ನುತ್ತಿದ್ದೆ.

ಇನ್ನೊಂದು, ಹಕ್ಕಿಯ ಗರಿ ಹಾಸಿಗೆ ಮೇಲೆ ಬೇಡ ಅನ್ನುವ ಮನೆಗಳು ನಮ್ಮ ಕಡೆ ಇವೆ ಅಲ್ವಾ? ಅಮ್ಮನನ್ನು ಮೊದಲೇ ಕೇಳಿಬಿಡಿ.